ನನ್ನ ಪಟ್ಟಿಯೂ ಒಂದಿರಲಿ

ಡಿಸೆಂಬರ್ ತಿಂಗಳಲ್ಲಿ ನಮ್ಮ ಕಡೆ ಎರಡು ಕೊಯ್ಲು. ಹೊಲದಲ್ಲಿ ಹುರುಳಿಯ ಕೊಯ್ಲು, ಪತ್ರಿಕೆಗಳಲ್ಲಿ ಪಟ್ಟಿಗಳ ಕೊಯ್ಲು. ವರ್ಷದ ಹತ್ತು ಪುಸ್ತಕ, ವರ್ಷದ ಹತ್ತು ಚಿತ್ರ, ವರ್ಷದ ಹತ್ತು ಹಾಡು. ಹುರುಳಿಯನ್ನಾದರೆ ಒಕ್ಕಿ, ತೂರಿ, ಜಳ್ಳು ಬೇರೆ ಮಾಡಿ ಆಮೇಲೆ ಅಳೆಯುತ್ತಾರೆ. ಪಟ್ಟಿಯವರಿಗೆ ಆ ತಾಳ್ಮೆಯಿಲ್ಲ. ರಾಶಿಯ ಎತ್ತರವನ್ನು ದೂರದಿಂದಲೇ ನೋಡಿ ಬೆಲೆ ಕಟ್ಟಿಬಿಡುತ್ತಾರೆ. 2025ರ ಹಾಡುಗಳ ಪಟ್ಟಿಗಳನ್ನು ನಾಲ್ಕೈದು ಕಡೆ ಓದಿದೆ. ಪ್ರತಿಯೊಂದರಲ್ಲೂ ಹಾಡಿನ ಹೆಸರಿನ ಪಕ್ಕದಲ್ಲಿ ಇಷ್ಟು ಕೋಟಿ ವೀಕ್ಷಣೆ ಎಂಬ ಅಂಕಿ. ಆ ಹಾಡು ಏಕೆ ಚೆಂದ, ಯಾರಿಗೆ ಚೆಂದ, ಎಲ್ಲಿ ಕೇಳಿದಾಗ ಚೆಂದ ಎಂಬುದಕ್ಕೆ ಒಂದು ವಾಕ್ಯವೂ ಇಲ್ಲ.

ಪಟ್ಟಿ ಮಾಡುವುದೇ ಪಾಪವೆನ್ನುವ ಮಡಿವಂತ ನಾನಲ್ಲ. ಬಿನಾಕಾ ಗೀತಮಾಲಾ ಕೇಳಿ ಬೆಳೆದವನು. 1952ರಲ್ಲಿ ಸಿಲೋನ್ ರೇಡಿಯೋದಲ್ಲಿ ಆರಂಭವಾದ ಆ ಕಾರ್ಯಕ್ರಮ, ನಾನು ಹುಡುಗನಾಗಿದ್ದಾಗಲೂ ಬುಧವಾರದ ರಾತ್ರಿಗಳನ್ನು ಆಳುತ್ತಿತ್ತು. ಅಮೀನ್ ಸಯಾನಿಯವರ ಹಿಂದಿ ನಮ್ಮ ಹರವೆಯಲ್ಲಿ ಎಷ್ಟು ಜನಕ್ಕೆ ತಿಳಿಯುತ್ತಿತ್ತೋ, ಆದರೆ ಯಾವ ಹಾಡು ಒಂದು ಮೆಟ್ಟಲು ಏರಿತು, ಯಾವುದು ಇಳಿಯಿತು ಎಂಬುದಂತೂ ಎಲ್ಲರಿಗೂ ತಿಳಿಯುತ್ತಿತ್ತು. ಅದೂ ಹಲ್ಲುಪುಡಿಯ ವ್ಯಾಪಾರವೇ ಎನ್ನುತ್ತೀರಾ? ಹಲ್ಲುಪುಡಿಯಲ್ಲ ಸ್ವಾಮಿ, ಟೂತ್‌ಪೇಸ್ಟು; ವ್ಯಾಪಾರವೆಂಬುದು ನಿಜ. ಆದರೆ ಆ ಲೆಕ್ಕದ ಹಿಂದೆ ಜನ ಕೊಂಡ ರೆಕಾರ್ಡುಗಳಿದ್ದವು, ಕಾಸು ಕೊಟ್ಟು ಕಾರ್ಡು ತಂದು, ಕೂತು ಬರೆದು, ಟಪಾಲಿಗೆ ಹಾಕಿದ ಕೇಳುಗರಿದ್ದರು. ಒಂದು ಹಾಡಿಗಾಗಿ ಅಷ್ಟು ಕೆಲಸ ಮಾಡಿದವನು ಅದನ್ನು ಪೂರ್ತಿ ಕೇಳಿರುತ್ತಾನೆಂದು ನಂಬಬಹುದು.

ಇಂದಿನ ಲೆಕ್ಕ ಹಾಗಲ್ಲ. ಸ್ಪಾಟಿಫೈ ಎಂಬ ದೊಡ್ಡ ಹಾಡಿನ ಮಳಿಗೆಯ ನಿಯಮದಲ್ಲಿ 30 ಸೆಕೆಂಡು ಓಡಿದರೆ ಸಾಕು, ಹಾಡನ್ನು ಒಂದು ಸಲ ಕೇಳಿದಂತೆ. ಮೂವತ್ತೊಂದನೆಯ ಸೆಕೆಂಡಿಗೆ ಬೇಸತ್ತು ಬೇರೆ ಕಡೆ ಹೋದವನೂ ಆ ಹಾಡಿನ ಅಭಿಮಾನಿಗಳ ಸಂಖ್ಯೆಯಲ್ಲಿ ಸೇರಿಬಿಟ್ಟ. ಹೋಟೆಲಿಗೆ ಬಂದು ನೀರು ಕುಡಿದು ಎದ್ದವನನ್ನೂ ಊಟ ಮಾಡಿದವನೆಂದು ಬರೆದುಕೊಂಡ ಹಾಗೆ. ಇಂಥ ಲೆಕ್ಕವಿರುವಲ್ಲಿ ಹಾಡು ಕಟ್ಟುವವರಿಗೂ ಮೊದಲ ಅರ್ಧ ನಿಮಿಷವೇ ಸರ್ವಸ್ವವಾಗುವುದರಲ್ಲಿ ಆಶ್ಚರ್ಯವೇನು? ಆಲಾಪಕ್ಕೆ ಜಾಗವಿಲ್ಲ, ಮುನ್ನುಡಿಗೆ ಜಾಗವಿಲ್ಲ. ಬಾಗಿಲು ತೆರೆಯುವ ಮೊದಲೇ ನಡುಮನೆಯಲ್ಲಿ ಕುಣಿತ.

ಈಗ ನನ್ನ ಪಟ್ಟಿಗೆ ಬರುತ್ತೇನೆ. 2025ರಲ್ಲಿ ನಾನು ಕೇಳಿದ ಹಾಡುಗಳಲ್ಲಿ ಮೊದಲನೆಯ ಸ್ಥಾನ ಸಂಕಮ್ಮನ ಸಾಲಿಗೆ.

ಹರವೆಯಲ್ಲಿ ನಮ್ಮ ನಂಟರ ಮನೆಯಲ್ಲಿ ಮಾದಪ್ಪನ ಪರ. ಊಟವಾಗಿ, ಎಲೆಯಡಿಕೆಯಾಗಿ, ಹೆಂಗಸರು ಪಾತ್ರೆ ತೊಳೆದು ಬಂದು ಕೂರುವ ಹೊತ್ತಿಗೆ ರಾತ್ರಿ ಹತ್ತೂವರೆ. ನಾಲ್ಕು ಜನ ದೇವರಗುಡ್ಡರು ಕಂಬಳಿಯ ಮೇಲೆ ಕೂತರು. ಕಂಸಾಳೆ ತಾಳಕ್ಕೆ, ತಂಬೂರಿ ಶ್ರುತಿಗೆ. ಮುಂದಾಳು ಒಂದು ಸೊಲ್ಲು ಎತ್ತಿಕೊಟ್ಟರೆ ಹಿಮ್ಮೇಳದವರು ಅದನ್ನು ಹಿಡಿದು ಒಂದಿಷ್ಟು ಎಳೆದು ಹಿಂದಕ್ಕೆ ಕೊಡುತ್ತಾರೆ. ಅಷ್ಟರಲ್ಲಿ ಅವನು ಉಸಿರು ತೆಗೆದುಕೊಳ್ಳಬೇಕು, ಮುಂದಿನ ಸೊಲ್ಲನ್ನೂ ನೆನೆದುಕೊಳ್ಳಬೇಕು. ನಡುನಡುವೆ ಹಾಡು ನಿಂತು ಮಾತು ಬರುತ್ತದೆ, ಮಾತು ಯಾವ ಗಳಿಗೆಯಲ್ಲಿ ಹಾಡಾಯಿತೆಂದು ನಮಗೆ ತಿಳಿಯುವುದೇ ಇಲ್ಲ. ಕತೆ ಎಲ್ಲರಿಗೂ ಗೊತ್ತಿದ್ದದ್ದೇ. ಸೋಲಿಗರ ನೀಲೇಗೌಡ ಕಾಡಿಗೆ ಹೊರಟಿದ್ದಾನೆ. ತಾನು ಬರುವ ತನಕ ತಪ್ಪು ನಡೆಯುವುದಿಲ್ಲವೆಂದು ಭಾಷೆ ಕೊಡು ಎಂದು ಹೆಂಡತಿಯನ್ನು ಕೇಳುತ್ತಾನೆ. ಸಂಕಮ್ಮ ಕೊಡುವುದಿಲ್ಲ. ಅವಳು ತಪ್ಪು ಮಾಡುವವಳೆಂದಲ್ಲ. ಕಟ್ಟಿಕೊಂಡ ಹೆಂಡತಿಯ ಹತ್ತಿರ ಗಂಡನಾದವನು ಅಂಥ ಭಾಷೆ ಕೇಳಬಾರದೆಂದು. ಆ ಹಟಕ್ಕಾಗಿ ಅವಳು ಪಡುವ ಪಾಡನ್ನು ಮುಂದಾಳು ಹಾಡಿದ ಬಗೆಯನ್ನು ನಾನು ಬರೆಯಲಾರೆ. ದನಿ ಏರಿಸಲಿಲ್ಲ, ಅಳಿಸಬೇಕೆಂದು ಹೊರಡಲಿಲ್ಲ. ನ್ಯಾಯಸ್ಥಾನದಲ್ಲಿ ಸಾಕ್ಷಿ ನುಡಿಯುವವನಂತೆ ಒಂದೊಂದನ್ನೇ ಹೇಳುತ್ತ ಹೋದ. ಕಂಬಕ್ಕೊರಗಿದ್ದ ಮುದುಕಿಯೊಬ್ಬಳು ನೀಲೇಗೌಡನನ್ನು ಗಟ್ಟಿಯಾಗಿ ಬೈದಳು. ಯಾರೂ ನಗಲಿಲ್ಲ.

ಎರಡು ಗಂಟೆ ಹೊಡೆದಾಗ, ಪೇಟೆಯ ಅಭ್ಯಾಸದಿಂದ, ‘ಮಿಕ್ಕದ್ದನ್ನು ಬೆಳಗ್ಗೆ ಹಾಡಬಹುದಲ್ಲ, ನಿಮಗೂ ದಣಿವು’ ಎಂದು ಯಾರೋ ಅಂದರು. ಮುಂದಾಳು ಚಹಾದ ಲೋಟ ಕೆಳಗಿಟ್ಟು, “ಯಾನ ಸಾ ಇಂಗಂದೀರಿ? ಆ ತಾಯ ಗುಡ್ಲೊಳಗೆ ಕೂಡಾಕ್ಬುಟ್ಟು ನಾವೋಗಿ ಮನಿಕಳದ? ಮಾದಪ್ಪ ಬಂದು ಬುಡುಸಗಂಟ ಏಳಂಗಿಲ್ಲ” ಎಂದ.

ಮೂವತ್ತು ಸೆಕೆಂಡಿನ ಲೆಕ್ಕದವರು ಈ ಮಾತಿಗೆ ಯಾವ ಕಲಮಿನಲ್ಲಿ ಜಾಗ ಕೊಡುತ್ತಾರೆ?

ಒಡನೆಯೇ ಬರುವ ಆಕ್ಷೇಪಣೆ ನನಗೆ ಗೊತ್ತು. ಅದು ಹಳೆಯ ಹಾಡು, ನೂರಾರು ವರ್ಷದ್ದು. 2025ರ ಹಾಡು ಹೇಗಾದೀತು? ಚೆನ್ನೈಯ ಡಿಸೆಂಬರ್ ಕಚೇರಿಗಳು ಮುಗಿದ ಮೇಲೆ ವಿಮರ್ಶಕರು ಈ ಸಲದ ಉತ್ತಮ ತೋಡಿ ಇಂಥವರದು, ಉತ್ತಮ ಭೈರವಿ ಇಂಥವರದು ಎಂದು ಬರೆಯುತ್ತಾರೆ. ತ್ಯಾಗರಾಜರು 1847ರಲ್ಲೇ ತೀರಿಕೊಂಡರಲ್ಲ, ಅವರ ಕೃತಿಯನ್ನು ಈ ವರ್ಷದ ಲೆಕ್ಕಕ್ಕೆ ಸೇರಿಸಬಹುದೆ ಎಂದು ಯಾರೂ ಕೇಳುವುದಿಲ್ಲ. ಹಾಡಿದ ದಿನವೇ ಹಾಡಿನ ದಿನ ಎಂದು ಅಲ್ಲಿ ಎಲ್ಲರೂ ಒಪ್ಪಿದ್ದಾರೆ. ವೇದಿಕೆಗೆ ಸಲ್ಲುವ ಈ ನ್ಯಾಯ ಜಗಲಿಗೆ ಏಕೆ ಸಲ್ಲಬಾರದು? ಹರವೆಯ ಗುಡ್ಡ ಆ ರಾತ್ರಿ ಹಾಡಿದ್ದು ಆ ರಾತ್ರಿಯ ಹಾಡು. ಮುದುಕಿ ಬೈದದ್ದನ್ನು ಕೇಳಿ ಅವನು ನೀಲೇಗೌಡನ ಮಾತನ್ನು ಇನ್ನೊಂದಿಷ್ಟು ಬೆಳೆಸಿದ. ಅದು ಹಿಂದೆ ಎಂದೂ ಇರಲಿಲ್ಲ, ಮತ್ತೆ ಬರುವುದೂ ಇಲ್ಲ.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಜಾಣತನದ್ದು. ರುಚಿ ಅವರವರದು, ನಿನ್ನ ಪಟ್ಟಿ ನಿನಗೆ, ನಮ್ಮದು ನಮಗೆ, ಇದರಲ್ಲಿ ಜಗಳವೇನು? ಬರಿಯ ರುಚಿಯ ಮಾತಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಈಗ ಪಟ್ಟಿಯೆಂದರೆ ಹಣ. 2024ರಿಂದ ಸ್ಪಾಟಿಫೈ ಒಂದು ಕಟ್ಟಳೆ ಮಾಡಿದೆ: ಹನ್ನೆರಡು ತಿಂಗಳಲ್ಲಿ 1000 ಸಲವಾದರೂ ಕೇಳಿಸಿಕೊಳ್ಳದ ಹಾಡಿಗೆ ಅಲ್ಲಿ ಕಾಸಿಲ್ಲ. ಅಂದರೆ ನೀಲಗಾರರ ಹುಡುಗನೊಬ್ಬ ಸಿದ್ದಪ್ಪಾಜಿಯ ಕತೆಯನ್ನು ಧ್ವನಿಮುದ್ರಿಸಿ ಅಲ್ಲಿಗೆ ಹಾಕಿ, ಒಂಬೈನೂರು ಸಲ ಜನ ಅದನ್ನು ಕೇಳಿದರೂ, ಅವನಿಗೆ ಸಿಗುವುದು ಸೊನ್ನೆ. ಮೇಲಿದ್ದವನನ್ನು ಪಟ್ಟಿ ಇನ್ನೂ ಮೇಲಕ್ಕೆತ್ತುತ್ತದೆ, ಕೆಳಗಿದ್ದವನ ಚಿಲ್ಲರೆಯನ್ನೂ ಆ ಕಟ್ಟಳೆ ಮೇಲಿನವನ ಜೋಳಿಗೆಗೇ ಹಾಕುತ್ತದೆ. ಕ್ಯಾಸೆಟ್ಟಿನ ಕಾಲ ಇದಕ್ಕಿಂತ ದಯಾವಂತವಾಗಿತ್ತು. ಮಳವಳ್ಳಿ ಮಹದೇವಸ್ವಾಮಿಯವರ ತಂಬೂರಿ ಕತೆಗಳ ಕ್ಯಾಸೆಟ್ಟು ನಮ್ಮ ಸೀಮೆಯ ಸಂತೆ ಜಾತ್ರೆಗಳಲ್ಲಿ ಬಿಕರಿಯಾಗುತ್ತಿದ್ದಾಗ, ಹೊದಿಕೆಯ ಮೇಲೆ ಹಾಡಿದವರ ಹೆಸರೂ ಚಿತ್ರವೂ ಇರುತ್ತಿದ್ದವು, ಕತೆಯೂ ಪೂರ್ತಿ ಇರುತ್ತಿತ್ತು.

ಗುಡ್ಡರ ಹಾಡು ಪಟ್ಟಿಯಲ್ಲಿ ಎಂದೂ ಬಂದಿಲ್ಲವೆಂದರೆ ಅದೂ ಸುಳ್ಳಾದೀತು. ಬಂದಿದೆ, ಬೇರೆಯವರ ಹೆಸರಿನಲ್ಲಿ. ಮಾದಪ್ಪ ಜಂಗಮನ ವೇಷದಲ್ಲಿ ಸಂಕಮ್ಮನ ಗುಡಿಸಲಿಗೆ ಕೋರಣ್ಯಕ್ಕೆ ಬರುವ ‘ಕೋಲುಮಂಡೆ’ಯ ಹಾಡು 1996ರ ‘ಜನುಮದ ಜೋಡಿ’ ಚಿತ್ರಕ್ಕೆ ಹೋಯಿತು. ವಿ. ಮನೋಹರ್ ಅವರ ಸಂಗೀತ, ಎಲ್.ಎನ್. ಶಾಸ್ತ್ರಿಗಳ ಕಂಠ, ಶಾಸ್ತ್ರಿಗಳಿಗೆ ಅದಕ್ಕಾಗಿ ರಾಜ್ಯ ಪ್ರಶಸ್ತಿಯೂ ಬಂತು. ಹಾಡು ಚೆನ್ನಾಗಿದೆ, ನಾನೂ ಗುನುಗುತ್ತೇನೆ. ಸಂಕಮ್ಮನ ಕಷ್ಟ ಮಾತ್ರ ಹಿಂದೆ ಮಲೆಯಲ್ಲೇ ಉಳಿಯಿತು, ಜಂಗಮನ ಬರವು ಪೇಟೆಗೆ ಬಂತು. 2020ರ ಆಗಸ್ಟಿನಲ್ಲಿ ಚಂದನ್ ಶೆಟ್ಟಿಯವರು ಅದೇ ಕೋಲುಮಂಡೆಗೆ ರ್‍ಯಾಪಿನ ಅಂಗಿ ತೊಡಿಸಿದರು. ಅದರ ವಿಡಿಯೋದಲ್ಲಿ ಸಂಕಮ್ಮನನ್ನು ತೋರಿಸಿದ ರೀತಿಗೆ ಮಾದಪ್ಪನ ಒಕ್ಕಲು ಸಿಡಿದೆದ್ದಿತು. ಅವರು ಕ್ಷಮೆ ಕೇಳಿದರು, ವಿಡಿಯೋ ತೆಗೆದರು. ಸಿಟ್ಟಾದವರೆಲ್ಲ ದೇವರಿಗೆ ಅವಮಾನವಾಯಿತೆಂದರು. ಆಗಿರಬಹುದು. ನನ್ನ ತಕರಾರು ಬೇರೆ. ಗಂಡನ ಅನುಮಾನಕ್ಕೆ ಮಣಿಯೆನೆಂದು ಚಿತ್ರಹಿಂಸೆ ಉಂಡ ಹೆಂಗಸನ್ನು ಕುಣಿತದ ಬೊಂಬೆ ಮಾಡಬೇಕಾದರೆ ಆ ಕತೆಯನ್ನು ಒಂದು ಸಲವೂ ಕೂತು ಪೂರ್ತಿ ಕೇಳಿರಬಾರದು. ಅರ್ಧ ನಿಮಿಷದ ಕಿವಿಗೆ ರಾಗ ಸಿಕ್ಕೀತು, ಸಂಕಮ್ಮ ಸಿಗುವುದಿಲ್ಲ.

ಕಾನೂನೂ ಗುಡ್ಡನ ಪಕ್ಷದಲ್ಲಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ತಿದ್ದುಪಡಿಯಾಗಿ, ಚಿತ್ರಗೀತೆ ಬರೆದವರೂ ರಾಗ ಹಾಕಿದವರೂ ತಮ್ಮ ಗೌರವಧನದ ಪಾಲನ್ನು ನಿರ್ಮಾಪಕನಿಗೆ ಬಿಟ್ಟುಕೊಡಬೇಕಾದ ಪಾಡು ತಪ್ಪಿತು. ಬಹಳ ಒಳ್ಳೆಯದಾಯಿತು. ಆದರೆ ‘ಜಾನಪದ’ ಎಂದು ಒಂದು ಪದ ಹಾಕಿಬಿಟ್ಟರೆ ಅಲ್ಲಿ ಪಾಲು ಕೇಳುವವರೇ ಇಲ್ಲ. ಜಾನಪದವೆಂದರೆ ವಾರಸುದಾರರಿಲ್ಲದ ಆಸ್ತಿ, ಬೇಲಿಯಿಲ್ಲದ ಹೊಲ. ಯಾರ ದನ ಬೇಕಾದರೂ ಮೇಯಬಹುದು. ಹಾಡಿದವರ ಹೆಸರು ಸಿಗುವುದಿಲ್ಲ ಎಂಬ ನೆಪ ನಡೆಯದು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಕೆ. ಕೇಶವನ್ ಪ್ರಸಾದ್ ಅವರ ಸಂಪಾದಕತ್ವದಲ್ಲಿ ಮಾದೇಶ್ವರ ಕಾವ್ಯವನ್ನು ಅಚ್ಚು ಹಾಕಿದಾಗ ಹಾಡಿದವರು ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಎಂದು ಹೇಳಿತು. 2001ರಲ್ಲಿ ಸಾಹಿತ್ಯ ಅಕಾದೆಮಿ ಅದರ ಇಂಗ್ಲಿಷ್ ಅನುವಾದವನ್ನು ಹೊರತಂದಾಗಲೂ ಆ ಹೆಸರು ಜೊತೆಗೇ ಹೋಯಿತು. ಪಂಡಿತರಿಗೆ ಸಿಕ್ಕಿದ ಹೆಸರು ಆಡಿಯೋ ಕಂಪನಿಗಳ ಗುಮಾಸ್ತರಿಗೆ ಏಕೆ ಸಿಗುವುದಿಲ್ಲ?

ಸರ್ಕಾರದವರು ಕಂಸಾಳೆಗೆ ಬೇಕಾದಷ್ಟು ಪ್ರೋತ್ಸಾಹ ಕೊಟ್ಟಿದ್ದಾರಲ್ಲ ಎಂಬ ಮಾತೂ ಉಂಟು. ಅವರು ಮೆರವಣಿಗೆಯಲ್ಲಿ ತೋರಿಸುವುದು ಬೀಸು ಕಂಸಾಳೆ. ಕಣ್ಣಿಗೆ ಹಬ್ಬ, ಒಪ್ಪಿದೆ. ಐದು ನಿಮಿಷ ಮಂಡಿಯೂರಿ, ಬಾಗಿ, ತಲೆಯ ಮೇಲೆ ತಾಳ ಬೀಸಿ, ಚಪ್ಪಾಳೆ ಗಿಟ್ಟಿಸಿ ಹೋಗುವುದು. ಕೂತು ಕತೆ ಹಾಡುವವನಿಗೆ ಮೆರವಣಿಗೆಯಲ್ಲಿ ಜಾಗವೆಲ್ಲಿ?

ನನ್ನ ಪಟ್ಟಿಯಲ್ಲಿ ಇನ್ನುಳಿದವು ಬೇಗ ಮುಗಿಯುತ್ತವೆ. ಎರಡನೆಯದು, ಗುಂಡ್ಲುಪೇಟೆಯ ಒಂದು ಮದುವೆಯಲ್ಲಿ ಕೇಳಿದ ಸೋಬಾನೆ. ಹೆಣ್ಣಿಗೆ ಅರಿಶಿನ ಹಚ್ಚುತ್ತ ಮೂವರು ಹೆಂಗಸರು ಎತ್ತಿಕೊಂಡಿದ್ದರು, ನಾಲ್ಕನೆಯ ಸೊಲ್ಲಿಗೆ ಡಿಜೆಯವನು ತನ್ನ ಪೆಟ್ಟಿಗೆಗೆ ಕರೆಂಟು ಕೊಟ್ಟ. ಮೂರೇ ಸೊಲ್ಲಿನ ಹಾಡಿಗೆ ಎರಡನೆಯ ಸ್ಥಾನವೇ ಎನ್ನುವವರು ಆ ನಡುವಿನ ಹೆಂಗಸಿನ ದನಿಯನ್ನು ಕೇಳಿರಬೇಕಾಗಿತ್ತು. ಮೂರನೆಯದು ‘ದ್ವಾಪರ’. 2024ರ ‘ಕೃಷ್ಣಂ ಪ್ರಣಯ ಸಖಿ’ಯದು, ಆದರೂ ನನ್ನ ಕಿವಿಗೆ ನೆಟ್ಟಗೆ ಬಿದ್ದದ್ದು ಮರುವರ್ಷ. ಜಸ್ಕರಣ್ ಸಿಂಗ್ ಎಂಬ ಪಂಜಾಬಿನ ಹುಡುಗ ನಾಗೇಂದ್ರ ಪ್ರಸಾದರ ಕನ್ನಡವನ್ನು ಉಚ್ಚರಿಸುವಷ್ಟು ಶುದ್ಧವಾಗಿ ನಮ್ಮ ಎಷ್ಟು ಮಂದಿ ಗಾಯಕರು ಉಚ್ಚರಿಸುತ್ತಾರೆ? ನಾಲ್ಕನೆಯದು ‘ಸು ಫ್ರಂ ಸೋ’ ಚಿತ್ರದಲ್ಲಿ ಬಾವ ಬಂದರೆಂದು ಸಂಭ್ರಮಿಸುವ ಹಾಡು. ನಗಿಸುತ್ತದೆ, ನಗಿಸುವ ಹಾಡಿಗೆ ಪಟ್ಟಿಗಳಲ್ಲಿ ಮರ್ಯಾದೆ ಕಡಮೆ, ನನ್ನಲ್ಲಿ ಹಾಗಿಲ್ಲ.

ಐದನೆಯದು ‘ಬ್ಯಾಂಗಲ್ ಬಂಗಾರಿ’. ಆಶ್ಚರ್ಯಪಡಬೇಡಿ. ‘ಎಕ್ಕ’ ಚಿತ್ರದ ಈ ಹಾಡನ್ನು ಚಾಮರಾಜನಗರದ ಬಸ್ಸಿನಲ್ಲಿ ಹಿಂದಿನ ಸೀಟಿನ ಹುಡುಗರು ಎಷ್ಟು ಸಲ ಹಾಕಿದರೆಂದರೆ ಇಳಿಯುವ ಹೊತ್ತಿಗೆ ನನ್ನ ಕಾಲೂ ತಾಳ ಹಾಕುತ್ತಿತ್ತು. ಚರಣ್ ರಾಜ್ ಅವರ ಸಂಗೀತ. ಹಾಡಿದವರು ಆಂಟನಿ ದಾಸನ್, ತಮಿಳುನಾಡಿನ ಜನಪದ ಗಾಯಕರು. ಬೀದಿಯಲ್ಲಿ, ಜಾತ್ರೆಯಲ್ಲಿ ಹಾಡಿ ಪಳಗಿದ ಗಂಟಲೆಂಬುದು ಮೊದಲ ಕೂಗಿನಲ್ಲೇ ಗೊತ್ತಾಗುತ್ತದೆ. ಪಕ್ಕದ ನಾಡಿನ ಜನಪದ ಗಾಯಕ ತನ್ನ ಹೆಸರಿನೊಡನೆಯೇ ಬಂದು ನಮ್ಮ ವರ್ಷದ ಪಟ್ಟಿಯ ತುದಿಯಲ್ಲಿ ಕೂರಬಹುದು, ಸಂತೋಷ. ಮುಂದಿನ ಬಾರಿ ನಮ್ಮ ಸಂಗೀತ ನಿರ್ದೇಶಕರೊಬ್ಬರು ಮಾದಪ್ಪನ ಹಾಡಿಗೆ ಕೈಹಾಕುವಾಗ ಹರವೆಗೋ, ಕೊಳ್ಳೇಗಾಲದ ಕಡೆಗೋ ಬಂದು ಒಬ್ಬ ಗುಡ್ಡನ ಎದುರು ಒಂದು ರಾತ್ರಿ ಕೂರಲಿ. ಹಾಡಿಸುವುದಾದರೆ ಅವನಿಂದಲೇ ಹಾಡಿಸಲಿ, ಇಲ್ಲವಾದರೆ ಯಾರ ಬಾಯಿಂದ ಕೇಳಿದ್ದೆಂದು ಅವನ ಹೆಸರು ಹಾಕಲಿ, ಪಾಲನ್ನೂ ಬರೆದುಕೊಡಲಿ. ಬೆಳಗಿನ ಮೊದಲ ಬಸ್ಸಿಗೆ ಹೊರಟ ಆ ನಾಲ್ವರಿಗೆ ಮನೆಯವರು ಕೊಟ್ಟದ್ದು ತಾಂಬೂಲ, ಅಕ್ಕಿ, ಮತ್ತು ಡಿಜೆಯವನು ಒಂದು ಗಂಟೆಗೆ ಕೇಳುವುದಕ್ಕಿಂತ ಕಡಮೆ ಹಣ.