ದೇವರ ಚಿತ್ತ ಎಂಬ ಛಾಪಾ ಕಾಗದ

ಅಕಾಲದ ಸಾವಾದ ಮನೆಗೆ ಹೋದವರು ಏನು ಮಾತಾಡಬೇಕು? ಗೊತ್ತಿಲ್ಲದಿದ್ದರೆ ಸುಮ್ಮನೆ ಕೂರಬಹುದು. ಆದರೆ ನಮ್ಮವರಿಗೆ ಸುಮ್ಮನೆ ಕೂರಲು ಬರುವುದಿಲ್ಲ. ಹೊಸಿಲು ದಾಟುತ್ತಲೇ "ಎಲ್ಲಾ ದೇವರ ಚಿತ್ತ ಕಣಮ್ಮಾ" ಎನ್ನುತ್ತಾರೆ. ನಾವು ಕ್ರೈಸ್ತರಾದ್ದರಿಂದ ಈ ಮಾತು. ಪಕ್ಕದ ಬೀದಿಯಲ್ಲಾದರೆ ಹಣೆಬರಹ. ಹೆಸರು ಬೇರೆ, ಮಾಡುವ ಕೆಲಸ ಮಾತ್ರ ಒಂದೇ. ಅಳುವವಳ ಬಾಯಿ ಮುಚ್ಚಿಸುವುದು.

ನಾನೂ ಎಷ್ಟೋ ಮನೆಗಳಲ್ಲಿ ಈ ಮಾತು ಆಡಿ ಬಂದವಳೇ. 2012ರ ಜೂನ್ ತಿಂಗಳವರೆಗೆ.

ಆಗ ನಾವಿದ್ದದ್ದು ಹರಿಹರದಲ್ಲಿ. ನಾನು ದಿನಾ ಬಸ್ಸಿನಲ್ಲಿ ದಾವಣಗೆರೆಗೆ ಹೋಗಿ ಪಾಠ ಮಾಡಿ ಬರುತ್ತಿದ್ದೆ. ನಮ್ಮ ಯಜಮಾನರು ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಶಾಲೆ ಶುರುವಾದ ಎರಡನೆಯ ವಾರ. ಏಳನೇ ತರಗತಿಗೆ ಸಮಾಜ ಪಾಠ ನಡೆದಿತ್ತು, ಹೆಡ್‌ಮಿಸ್ ಬಾಗಿಲಲ್ಲಿ ಬಂದು ನಿಂತರು. ಬೆಳಿಗ್ಗೆ ಮೊದಲ ಪಾಳಿಗೆ ಹೋದವರು ಮಧ್ಯಾಹ್ನ ಎದೆ ಹಿಡಿದುಕೊಂಡು ಕುಸಿದರಂತೆ. ಸಂಜೆ ಅವರ ಊಟದ ಡಬ್ಬಿಯನ್ನು ಜೊತೆಗಾರರೊಬ್ಬರು ತಂದುಕೊಟ್ಟರು. ಅದರಲ್ಲಿ ನಾನು ಕಟ್ಟಿದ್ದ ಚಪಾತಿ ಹಾಗೇ ಇತ್ತು. ನನಗೆ ಆಗ ನಲವತ್ತಮೂರು. ಹುಡುಗಿಯರಿಬ್ಬರೂ ಇನ್ನೂ ಶಾಲೆಯಲ್ಲಿದ್ದರು.

ಮೂವತ್ತನೆಯ ದಿನದ ಪೂಜೆ ಮುಗಿಸಿ ಬಂದ ಮಧ್ಯಾಹ್ನ ನನ್ನ ಮೈದುನ ಪ್ರಾರ್ಥನಾ ಕೂಟದ ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದ. ಹಿರಿಯರು ಮೊದಲು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದರು. ಆಮೇಲೆ ಯೋಬನ ತಾಳ್ಮೆಯನ್ನು ಹೊಗಳಿದರು. ಅದಾದ ಮೇಲೆ ಮೈದುನ ಚೀಲದಿಂದ ಒಂದು ಛಾಪಾ ಕಾಗದ ತೆಗೆದ. ನಾವು ಸಾಲ ಮಾಡಿ ಕಟ್ಟಿಸಿದ ಮನೆ ಯಜಮಾನರ ಹೆಸರಿನಲ್ಲಿತ್ತು. ಅದರ ಮೇಲೆ ನನಗೂ ಮಕ್ಕಳಿಗೂ ಹಕ್ಕಿಲ್ಲ ಎಂದು ಬರೆದು ತಂದಿದ್ದ. "ಹೆಣ್ಣುಮಕ್ಕಳು ನಾಳೆ ಹೊರಗೆ ಹೋಗೋರು ಅತ್ತಿಗೆ. ಮನೆ ಮನೆತನದಲ್ಲೇ ಇರ್ಲಿ. ನಿಮ್ಮನ್ನೇನು ನಾವು ಬಿಟ್ಟುಬಿಡ್ತೀವಾ?" ಹಿರಿಯರಲ್ಲೊಬ್ಬರು ತಲೆಯಾಡಿಸಿ, "ದೇವರ ಚಿತ್ತಕ್ಕೆ ತಲೆ ಬಾಗಬೇಕು ತಾಯಿ, ಆಸ್ತಿಗಾಗಿ ಜಗಳ ಕ್ರೈಸ್ತರ ಲಕ್ಷಣವಲ್ಲ" ಎಂದರು.

ಪೆನ್ನು ನನ್ನ ಕೈಯಲ್ಲಿತ್ತು. ಸುಳ್ಳು ಹೇಳುವುದಿಲ್ಲ, ಸಹಿ ಮಾಡುವವಳೇ ಇದ್ದೆ. ದೊಡ್ಡ ಮಗಳು ಒಳಗಿಂದ ಬಂದು "ಅಮ್ಮಾ, ಓದಿ ನೋಡಿದ್ಯಾ?" ಎಂದು ಕೇಳಿದಳು. ಇಪ್ಪತ್ತು ವರ್ಷ ಮಕ್ಕಳಿಗೆ "ಪ್ರಶ್ನೆ ಸರಿಯಾಗಿ ಓದಿ ಉತ್ತರ ಬರೀರಿ" ಎಂದು ಹೇಳಿಕೊಟ್ಟವಳು ನಾನು! "ಓದಿ ಹೇಳ್ತೀನಿ" ಎಂದು ಕಾಗದ ಎತ್ತಿಟ್ಟೆ.

ಮರುದಿನ ಸಹೋದ್ಯೋಗಿಯೊಬ್ಬರು ದಾವಣಗೆರೆಯ ಒಬ್ಬ ವಕೀಲರ ಹತ್ತಿರ ಕರೆದುಕೊಂಡು ಹೋದರು. ನಮಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ. ಉಯಿಲು ಬರೆಯದೆ ತೀರಿಕೊಂಡ ಕ್ರೈಸ್ತನ ಆಸ್ತಿಯಲ್ಲಿ ಮೂರನೇ ಒಂದು ಭಾಗ ಹೆಂಡತಿಗೆ, ಉಳಿದ ಎರಡು ಭಾಗ ಮಕ್ಕಳಿಗೆ. ಗಂಡು ಹೆಣ್ಣು ಎಂಬ ಭೇದವಿಲ್ಲ. ಮಕ್ಕಳಿರುವಾಗ ತಮ್ಮಂದಿರಿಗೆ ಕಾಸಿನಷ್ಟೂ ಪಾಲಿಲ್ಲ. ಅಪ್ರಾಪ್ತ ಮಕ್ಕಳ ಪಾಲನ್ನು ಕೋರ್ಟಿನ ಅಪ್ಪಣೆಯಿಲ್ಲದೆ ತಾಯಿ ಕೂಡ ಬರೆದುಕೊಡುವಂತಿಲ್ಲ. ಬಿ.ಎ., ಬಿ.ಇಡಿ. ಮಾಡಿದ ನನಗೆ ಇದರಲ್ಲಿ ಒಂದಕ್ಷರವೂ ಗೊತ್ತಿರಲಿಲ್ಲ. ಭವಿಷ್ಯನಿಧಿಯ ಜೊತೆ ವಿಧವೆಗೆ ತಿಂಗಳ ಪಿಂಚಣಿ ಬರುತ್ತದೆ, ಮಕ್ಕಳಿಬ್ಬರಿಗೆ ಇಪ್ಪತ್ತೈದು ವಯಸ್ಸಿನವರೆಗೆ ಬರುತ್ತದೆ ಎಂಬುದೂ ತಿಳಿದಿರಲಿಲ್ಲ. ನಮ್ಮ ಮನೆಗೆ ಬಂದು ಪ್ರಾರ್ಥಿಸಿ ಹೋದ ಅಷ್ಟು ಜನರಲ್ಲಿ ಒಬ್ಬರೂ ಈ ಮಾತು ಎತ್ತಿರಲಿಲ್ಲ.

ಈಗ ನನ್ನ ತಕರಾರು ಕೇಳಿ. ಯೋಬನ ಕಥೆ ಹೇಳುವವರು ಅದನ್ನು ಕೊನೆಯವರೆಗೆ ಓದಿದ್ದಾರೆಯೇ? ಮಕ್ಕಳು, ಸಿರಿ ಎಲ್ಲ ಒಂದೇ ದಿನ ಹೋದಾಗ ಅವನು ಮೊದಲು ತಲೆಬಾಗಿದ್ದು ನಿಜ. ಆಮೇಲೆ? ತಾನು ಹುಟ್ಟಿದ ದಿನವನ್ನೇ ಶಪಿಸಿದ. ದೇವರನ್ನೇ ವಾದಕ್ಕೆ ಕರೆದ. ಅವನ ಗೆಳೆಯರು ಏಳು ದಿನ ಏಳು ರಾತ್ರಿ ಬಾಯಿ ಬಿಡದೆ ಅವನ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದರು. ಅಲ್ಲಿಯವರೆಗೆ ಸರಿಯಾಗಿತ್ತು. ಬಾಯಿ ಬಿಟ್ಟು ದೇವರ ಪರವಾಗಿ ಉಪದೇಶ ಶುರುಮಾಡಿದರು ನೋಡಿ, ಕೆಟ್ಟಿತು. ಕೊನೆಗೆ ದೇವರು ಸಿಟ್ಟಾದದ್ದು ಕೂಗಾಡಿದ ಯೋಬನ ಗೆಳೆಯರ ಮೇಲೆ, ನನ್ನ ವಿಷಯದಲ್ಲಿ ನೀವು ಸರಿಯಾಗಿ ಮಾತಾಡಲಿಲ್ಲ ಎಂದು.

ಮೋಶೆಯ ಕಾಲದ ಐವರು ಅಕ್ಕತಂಗಿಯರ ಸಂಗತಿಯಂತೂ ನಮ್ಮ ಕೂಟಗಳಲ್ಲಿ ನಾನು ಕೇಳಿಯೇ ಇಲ್ಲ. ಅಪ್ಪ ಸತ್ತಿದ್ದ, ಅಣ್ಣತಮ್ಮಂದಿರಿರಲಿಲ್ಲ. ಜನರೆಲ್ಲ ಸೇರಿದ್ದಲ್ಲಿ ಎದುರು ನಿಂತು ಅಪ್ಪನ ಪಾಲು ನಮಗೆ ಕೊಡಿ ಎಂದು ಕೇಳಿದರು. ಮೋಶೆ ದೇವರನ್ನೇ ಕೇಳಿದಾಗ, ಆ ಹುಡುಗಿಯರು ಹೇಳುವುದು ನ್ಯಾಯ ಎಂಬ ಉತ್ತರ ಬಂತು. ದೇವರ ಚಿತ್ತ ಎಂದು ಬರೆದಿಟ್ಟಿರುವುದು ಇದು! ನಮ್ಮ ಹಿರಿಯರು ಈ ಪುಟ ಹೇಗೆ ದಾಟುತ್ತಾರೋ.

ಕೊಟ್ಟಾಯಂನ ಮೇರಿ ರಾಯ್ ಹೆಸರು ನೀವು ಕೇಳಿರಬಹುದು. ಅವರೂ ಟೀಚರ್, ಅವರೂ ಕ್ರೈಸ್ತರು. ತಿರುವಾಂಕೂರಿನ 1916ರ ಕಾನೂನಿನಲ್ಲಿ ಮಗಳಿಗೆ ಸಿಗುತ್ತಿದ್ದದ್ದು ಮಗನ ಪಾಲಿನ ಕಾಲುಭಾಗ ಅಥವಾ 5000 ರೂಪಾಯಿ, ಯಾವುದು ಕಡಿಮೆಯೋ ಅದು. ಆಕೆ ಸುಪ್ರೀಂ ಕೋರ್ಟಿಗೆ ಹೋದರು. 1986ರಲ್ಲಿ ತೀರ್ಪು ಬಂತು, ಅಲ್ಲಿಯ ಹೆಣ್ಣುಮಕ್ಕಳಿಗೂ 1925ರ ಕಾಯಿದೆಯೇ ಎಂದು. ಅಂದರೆ ನಮಗೆ ಹುಟ್ಟಿನಿಂದಲೇ ಇದ್ದ ಹಕ್ಕಿಗಾಗಿ ಅವರು ಹೋರಾಡಬೇಕಾಯಿತು. ಅದೇ ಹಕ್ಕನ್ನು ನಾನು ಒಂದು ಪ್ರಾರ್ಥನೆ ಮುಗಿಯುವುದರೊಳಗೆ ಬರೆದುಕೊಡಲು ಹೊರಟಿದ್ದೆ.

ಇನ್ನೊಂದು ಮಾತು. ಇದು ಗಿರಣಿಗಳ ಊರು, ಕಾರ್ಮಿಕ ನಾಯಕ ಪಂಪಾಪತಿಯವರನ್ನು ವಿಧಾನಸಭೆಗೆ ಕಳಿಸಿದ ಊರು. ದಾವಣಗೆರೆಯ ಹತ್ತಿಗಿರಣಿಗಳು ಒಂದೊಂದಾಗಿ ನಿಂತಾಗ ಗಂಡಸರ ಬದುಕೂ ರಾತ್ರೋರಾತ್ರಿ ಬದಲಾಯಿತು. ಸಂಘ ಕಟ್ಟಿ ಬಾಕಿ ಕೇಳಿದವರಿಗೆ "ನಿಮಗೆ ವಿಶ್ವಾಸ ಕಡಿಮೆ" ಎಂದು ಯಾರಾದರೂ ಅಂದರೇ? ಗಂಡಸು ಕೇಳಿದರೆ ಹಕ್ಕು, ಹೆಂಗಸು ಕೇಳಿದರೆ ಅವಿಶ್ವಾಸ. ಹೀಗೆ ಅನ್ನುವವರಲ್ಲಿ ನಾವು ಹೆಂಗಸರೇ ಮುಂದು ಎಂಬುದನ್ನೂ ಒಪ್ಪಿಕೊಳ್ಳೋಣ.

ಹಾಗಾದರೆ ನಿನಗೆ ವಿಶ್ವಾಸವಿಲ್ಲವೇ ಎಂದು ನನ್ನ ಅಕ್ಕನೇ ಕೇಳಿದ್ದಳು. ಅವಳಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಆ ವರ್ಷವೆಲ್ಲ ನಾನು ಸಂಜೆ ಬಸ್ಸಿಳಿದು ಹರಿಹರದ ಆರೋಗ್ಯಮಾತೆಯ ಗುಡಿಯಲ್ಲಿ ಕೂತು ಮನೆಗೆ ಹೋಗುತ್ತಿದ್ದೆ. ಪರಲೋಕ ಮಂತ್ರ ಹೇಳುವಾಗ ಚಿತ್ತ ಎಂಬ ಮಾತು ಬಂದಲ್ಲಿ ನನ್ನ ನಾಲಿಗೆ ನಿಲ್ಲುತ್ತಿತ್ತು. ಅಷ್ಟು ಬಿಟ್ಟು ಮುಂದಿನದು ಹೇಳುತ್ತಿದ್ದೆ. ಎಂಟೊಂಬತ್ತು ತಿಂಗಳು ಹೀಗೇ ನಡೆಯಿತು. ಮಾತೆಯೇನೂ ನನ್ನನ್ನು ಹೊರಗೆ ಹಾಕಲಿಲ್ಲ. ಯೇಸುಸ್ವಾಮಿಯೂ ಗೆತ್ಸೆಮನಿಯಲ್ಲಿ ಮೊದಲು ಈ ಪಾತ್ರೆ ಬೇಡ ಎಂದೇ ಬೇಡಿಕೊಂಡವರು. ನಿನ್ನ ಚಿತ್ತದಂತಾಗಲಿ ಎಂದದ್ದು ಆಮೇಲೆ, ಅದೂ ತಮ್ಮ ಸಂಕಟಕ್ಕೆ. ಲಾಸರನ ಅಕ್ಕತಂಗಿಯರ ಎದುರು ಅವರು ಆ ಮಾತು ಆಡಲಿಲ್ಲ, ಅತ್ತರು. ನಾಯಿನ್ ಊರಿನ ವಿಧವೆಯ ಎದುರೂ ಆಡಲಿಲ್ಲ, ಕನಿಕರಪಟ್ಟು ಚಟ್ಟವನ್ನು ಮುಟ್ಟಿದರು. ಆ ಮಾತು ನೊಂದವರು ತಾವಾಗಿ ಹೇಳಿಕೊಳ್ಳಬೇಕಾದದ್ದು. ಬೇರೆಯವರ ಹಣೆಗೆ ಹಚ್ಚುವುದಕ್ಕಲ್ಲ.

ಸೆಪ್ಟೆಂಬರ್ 8ರ ಹಬ್ಬಕ್ಕೆ ಹರಿಹರಕ್ಕೆ ಬಂದವರು ನೋಡಿರುತ್ತೀರಿ. ಆ ಗುಡಿಯನ್ನು ಪೋಪ್ ಫ್ರಾನ್ಸಿಸರು 2019ರಲ್ಲಿ ಬೆಸಿಲಿಕಾ ಪದವಿಗೇರಿಸಿದರು, ಆದರೆ ಜನ ಅದಕ್ಕೂ ಮುಂಚಿನಿಂದಲೇ ಬರುತ್ತಿದ್ದರು, ಎಲ್ಲ ಜಾತಿಯವರೂ. ಮೇಣದಬತ್ತಿ ಹಿಡಿದು ಸಾಲಿನಲ್ಲಿ ನಿಂತ ಹೆಂಗಸರ ಮುಖ ನೋಡಿ. ಒಬ್ಬಳಾದರೂ ಬಂದದ್ದಕ್ಕೆ ಒಪ್ಪಿಗೆ ಒತ್ತಲು ಬಂದಿರುತ್ತಾಳೆಯೇ? ಎಲ್ಲರೂ ಕೇಳಲು ಬಂದವರು. ಮಗು ಬೇಕು, ಗಂಡ ಕುಡಿತ ಬಿಡಬೇಕು, ಕಾಯಿಲೆ ವಾಸಿಯಾಗಬೇಕು. ಜಗಳವಾಡಿಯಾದರೂ ಕೇಳುತ್ತಾರೆ.

ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿನಿಯ ಗಂಡ ಅಪಘಾತದಲ್ಲಿ ಹೋದ. ನಾನು ಒಂದು ಪಾತ್ರೆ ಗಂಜಿ ಒಯ್ದು ಅವಳ ಪಕ್ಕ ಕೂತೆ. ಏನೂ ಹೇಳಲಿಲ್ಲ. ಮೂರನೇ ವಾರ ಅವಳನ್ನು ಬ್ಯಾಂಕಿಗೆ ಕರೆದುಕೊಂಡು ಹೋದೆ. ಪಾಸ್‌ಬುಕ್ ಎಲ್ಲಿದೆ ಎಂದು ಹುಡುಕಲೇ ಒಂದು ದಿನ ಬೇಕಾಯಿತು.

ಮೈದುನ ಈಗಲೂ ಹಬ್ಬಕ್ಕೆ ಬರುತ್ತಾನೆ. ಬಾಯ್ತುಂಬ ಅತ್ತಿಗೆ ಎನ್ನುತ್ತಾನೆ, ನಾನು ಎಲೆ ಹಾಕಿ ಬಡಿಸುತ್ತೇನೆ. ಸಹಿಯಿಲ್ಲದ ಆ ಕಾಗದ ನನ್ನ ಟ್ರಂಕಿನಲ್ಲಿದೆ. ಅವನೂ ಕೇಳಿಲ್ಲ, ನಾನೂ ಕೊಟ್ಟಿಲ್ಲ.