ಸುಡಬೇಡಿ ಎಂದರಷ್ಟೇ ಸಾಲದು



ಶಿವರಾತ್ರಿ ಹತ್ತಿರವಾದರೆ ಸಾಕು, ನಮ್ಮ ನುಗ್ಗೇಹಳ್ಳಿ ಹೋಬಳಿಯ ತೆಂಗಿನ ತೋಟಗಳಲ್ಲಿ ಹೊಗೆ ಏಳುತ್ತದೆ. ಒಣಗಿದ ಗರಿ, ಎಡೆಮಟ್ಟೆ, ಹೊಂಬಾಳೆ, ಬದುವಿನ ಹುಲ್ಲು ಎಲ್ಲವನ್ನೂ ಗುಡ್ಡೆ ಹಾಕಿ ಕಡ್ಡಿ ಗೀರುವುದು ವಾಡಿಕೆ. ಇದಕ್ಕೆ ‘ಸುಡಬೇಡಿ, ದಂಡ ಬೀಳುತ್ತದೆ’ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುವ ಆಡಳಿತದ ರೀತಿಯನ್ನು ನಾನು ಒಪ್ಪಲಾರೆ.

ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್ 22ರಂದು ಬಯಲಿನಲ್ಲಿ ತ್ಯಾಜ್ಯ ಸುಡುವುದನ್ನು ನಿಷೇಧಿಸಿ, 5,000 ರೂಪಾಯಿ, ಭಾರಿ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಗೊತ್ತುಮಾಡಿದೆ. ಬೆಂಕಿಯ ವಿಷಯದಲ್ಲಿ ನಿರ್ಲಕ್ಷ್ಯ ತೋರಿ ಪರರ ಜೀವಕ್ಕೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 287ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲೂ ಆಗಬಹುದು. ಆದರೆ ಕಪ್ಪುತಲೆ ಹುಳು ಬಿದ್ದ ತೋಟಕ್ಕೆ ತಜ್ಞರು ಕೊಡುವ ಸಲಹೆಗಳಲ್ಲಿ ಒಂದು, ಹುಳು ತಿಂದ ಕೆಳಗಿನ ಗರಿಗಳನ್ನು ಕಡಿದು ಸುಡಿ ಎಂಬುದು. ರೈತ ಯಾರ ಮಾತು ಕೇಳಬೇಕು? ಎಲ್ಲಿ, ಯಾವ ಹೊತ್ತಿನಲ್ಲಿ, ಹೇಗೆ ಸುಡಬೇಕು ಎಂದು ಯಾರೂ ಬಿಡಿಸಿ ಹೇಳುವುದಿಲ್ಲ.

ಹೇಳದಿದ್ದರೆ ಏನಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ನಮ್ಮ ಪಕ್ಕದ ತೋಟದಲ್ಲಿ ನಡುಮಧ್ಯಾಹ್ನ ಬದುವಿಗೆ ಹಚ್ಚಿದ ಬೆಂಕಿ ಗಾಳಿಗೆ ಬೇಲಿ ದಾಟಿತು. ಡ್ರಿಪ್ ಪೈಪುಗಳು ಕರಗಿ ನೆಲಕ್ಕಂಟಿದವು, ಎರಡು ವರ್ಷದ ಸಸಿಗಳು ಸುಳಿಯವರೆಗೂ ಸೀದುಹೋದವು. ಕರೆಂಟ್ ಇರಲಿಲ್ಲವಾದ್ದರಿಂದ ಬೋರ್‌ವೆಲ್ ಇದ್ದೂ ಉಪಯೋಗಕ್ಕೆ ಬರಲಿಲ್ಲ. ಹಸಿ ಸೊಪ್ಪಿನಿಂದ ಬಡಿದು ಬಡಿದೇ ಆರಿಸಬೇಕಾಯಿತು.

ಆದ್ದರಿಂದ ಸುಡಲೇಬೇಕಾದವರಿಗೆ ಗ್ರಾಮ ಪಂಚಾಯಿತಿಯೇ ಸರಳ ನಿಯಮ ಬರೆದು ಮನೆಮನೆಗೆ ತಲುಪಿಸಲಿ. ಬೆಂಕಿ ಹಚ್ಚುವುದು ಬೆಳಗ್ಗೆ ಗಾಳಿ ಏಳುವ ಮುನ್ನ, ಅದೂ ಪಂಪ್‌ಸೆಟ್‌ಗೆ ತ್ರೀಫೇಸ್ ಕರೆಂಟ್ ಇರುವ ಹೊತ್ತಿನಲ್ಲಿ ಮಾತ್ರ. ಸಂಜೆ ಹಚ್ಚಿದರೆ ಹೊಗೆ ಮೇಲೇರದೆ ಊರಿನ ಮೇಲೇ ಕೂರುತ್ತದೆ. ಹಿಂದಿನ ದಿನವೇ ಪಕ್ಕದ ತೋಟದವರಿಗೆ ತಿಳಿಸಬೇಕು. ಮರದ ಬುಡ, ಹುಲ್ಲಿನ ಮೆದೆ, ವಿದ್ಯುತ್ ತಂತಿ, ತಿಪಟೂರು–ಚನ್ನರಾಯಪಟ್ಟಣ ರಸ್ತೆಯಿಂದ ದೂರದಲ್ಲಿ, ಸುತ್ತ ಹತ್ತಡಿ ಹುಲ್ಲು ಕೆರೆದು, ಸಣ್ಣ ಸಣ್ಣ ಗುಡ್ಡೆಗಳಾಗಿ ಸುಡಬೇಕು. ಗೊಬ್ಬರದ ಚೀಲ, ಹಳೆಯ ಪೈಪು ಅದರಲ್ಲಿ ಬೀಳಕೂಡದು. ಪಿವಿಸಿ ಹೊಗೆ ವಿಷ. ಬೆಂಕಿ ಆರುವವರೆಗೆ ಒಬ್ಬರು ಅಲ್ಲೇ ಇರಬೇಕು. ಹೊರಡುವ ಮುಂಚೆ ಬೂದಿ ಕೆದಕಿ ನೀರು ಹೊಯ್ಯಬೇಕು. ಕಾಯಿಮಟ್ಟೆ ಮೇಲೆ ತಣ್ಣಗೆ ಕಂಡರೂ ಒಳಗೆ ಬೂದಿ ಮುಚ್ಚಿದ ಕೆಂಡವೇ. ಕೈಮೀರಿದರೆ ತಡಮಾಡದೆ 112ಕ್ಕೆ ಕರೆ ಮಾಡಬೇಕು.

ಆದರೆ ಸುಡುವ ಗರಿಯೇ ಕಡಿಮೆಯಾಗಬೇಕು ಎಂಬುದು ನನ್ನ ಮುಖ್ಯ ಮಾತು. ಫಸಲಿಗೆ ಬಂದ ಮರ ವರ್ಷಕ್ಕೆ ಸುಮಾರು 12 ಗರಿ ಉದುರಿಸುತ್ತದೆ. ಎಕರೆಗೆ 70 ಮರ ಎಂದರೆ 840 ಗರಿ. ಹಿಂದೆ ಇವು ಹಂಡೆ ಒಲೆಗೆ, ಸೋಗೆ ಸೂರಿಗೆ ಹೋಗುತ್ತಿದ್ದವು. ಗ್ಯಾಸ್ ಬಂತು, ಹೆಂಚು ಬಂತು, ಗರಿ ತೋಟದಲ್ಲೇ ಉಳಿಯಿತು. ಬೂದಿ ಒಳ್ಳೆಯ ಗೊಬ್ಬರ ಎನ್ನುತ್ತಾರೆ. ಬೂದಿಯಲ್ಲಿ ಪೊಟ್ಯಾಷ್ ಉಳಿಯುವುದು ನಿಜ, ಸಾರಜನಕವೂ ಸಾವಯವ ಅಂಶವೂ ಹೊಗೆಯ ಪಾಲಾಗುತ್ತವೆ. ಅದೇ ಗರಿಯನ್ನು ಕತ್ತರಿಸಿ ಬುಡಕ್ಕೆ ಹೊದಿಸಿದರೆ ಬೇಸಿಗೆಯಲ್ಲಿ ತೇವ ನಿಲ್ಲುತ್ತದೆ. ತೆಂಗಿನ ಗರಿಯನ್ನೇ ತಿನ್ನುವ ಯೂಡ್ರಿಲಸ್ ಎರೆಹುಳುವಿನಿಂದ ಗೊಬ್ಬರ ಮಾಡುವ ವಿಧಾನವನ್ನು ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ಎಂದೋ ರೂಪಿಸಿದೆ.

ಕೊರತೆಯಿರುವುದು ಯಂತ್ರದ್ದು. ಗರಿ ಪುಡಿ ಮಾಡುವ ಯಂತ್ರವನ್ನು ಸಣ್ಣ ರೈತ ಒಬ್ಬನೇ ಕೊಳ್ಳಲಾರ. ಟಿಲ್ಲರ್, ರೋಟವೇಟರ್ ಬಾಡಿಗೆಗೆ ಕೊಡಲು ಸರ್ಕಾರ ಹೋಬಳಿ ಮಟ್ಟದಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳನ್ನು ತಂದಿದೆ. ತೆಂಗಿನ ಹೋಬಳಿಗಳ ಕೇಂದ್ರಗಳಲ್ಲಿ ಗರಿ ಪುಡಿ ಮಾಡುವ ಯಂತ್ರವೂ ಕಡಿಮೆ ಬಾಡಿಗೆಗೆ ಸಿಗುವಂತಾಗಲಿ. ಕೃಷಿ ಮತ್ತು ತೋಟಗಾರಿಕೆ ಇಲಾಖೆಗಳು, ಗ್ರಾಮ ಪಂಚಾಯಿತಿ, ಅಗ್ನಿಶಾಮಕ ಠಾಣೆಯವರು ಬೇಸಿಗೆಗೆ ಮುನ್ನವೇ ಗ್ರಾಮಸಭೆಯಲ್ಲಿ ಒಟ್ಟಿಗೆ ಕೂತು ಇದನ್ನು ತೀರ್ಮಾನಿಸಬೇಕು. ಯಂತ್ರ ಸಿಕ್ಕ ಮೇಲೂ ಗಾಳಿಯಲ್ಲಿ ಬೆಂಕಿ ಹಚ್ಚುವವರಿಗೆ ದಂಡ ಹಾಕಲಿ, ನಾವೇ ಬೆಂಬಲಕ್ಕೆ ನಿಲ್ಲುತ್ತೇವೆ.

ಇಂತಿ,
ಒಬ್ಬ ತೆಂಗು ಬೆಳೆಗಾರ,
ನುಗ್ಗೇಹಳ್ಳಿ, ಚನ್ನರಾಯಪಟ್ಟಣ ತಾಲ್ಲೂಕು