ಲವಂಗದ ಎಣ್ಣೆ ಸವರಿದರೆ ಕೋಳಿ ತಾಜಾ ಆಗ್ತದಾ ಮಾರಾಯ್ರೆ?

ಕಳೆದ ವಾರ ಗೆಳೆಯರೊಬ್ಬರು ತಮ್ಮ ಬ್ಲಾಗಿನಲ್ಲಿ ಕೋಳಿಮಾಂಸ ಕೆಡದಂತೆ ಇಡುವುದರ ಬಗ್ಗೆ ಬರೆದಿದ್ದರು. ಲವಂಗ, ಓಮ, ದಾಲ್ಚಿನ್ನಿಯ ಎಣ್ಣೆ ಸವರಿ ಒಳಗಿನ ಗಾಳಿ ಬದಲಿಸಿದ ಪ್ಯಾಕೆಟ್ಟಿನಲ್ಲಿಟ್ಟರೆ ಸಾಕು, ರಾಸಾಯನಿಕವೇ ಬೇಡ, ಇದೆಲ್ಲ ನಮ್ಮ ಅಜ್ಜಿಯಂದಿರಿಗೆ ಮೊದಲೇ ಗೊತ್ತಿತ್ತು... ಹೀಗೆ. ಕೆಳಗೆ ಸಾಲು ಸಾಲು ಕಾಮೆಂಟು, ಎಲ್ಲವೂ "ಉತ್ತಮ ಮಾಹಿತಿ, ಧನ್ಯವಾದಗಳು". ನಾನೂ ಅಲ್ಲೇ ಒಂದು ಕಾಮೆಂಟು ಹಾಕುವ ಅಂತ ಹೊರಟೆ, ಉದ್ದವಾಯ್ತು. ಅದಕ್ಕೇ ಇಲ್ಲಿ ಬರೀತಿದ್ದೇನೆ. ಅವರು ಬೇಜಾರು ಮಾಡ್ಕೊಳ್ಳಬಾರದು.

ಮೊದಲು ಅಜ್ಜಿಯ ವಿಷಯ. ನನ್ನ ಅಜ್ಜಿಗೆ ಕೋಳಿ ಕೆಡದಂತೆ ಇಡುವ ವಿದ್ಯೆ ಯಾವುದೂ ಗೊತ್ತಿರಲಿಲ್ಲ. ಅದರ ಅಗತ್ಯವೇ ಇರಲಿಲ್ಲ. ನಾನು ಹುಟ್ಟಿ ಬೆಳೆದದ್ದು ಕುದ್ರೋಳಿಯಲ್ಲಿ. ಭಾನುವಾರ ಬೆಳಿಗ್ಗೆ ಅಂಗಡಿಗೆ ಹೋದರೆ ಕಾಕ ಜೀವಂತ ಕೋಳಿಯನ್ನು ತಕ್ಕಡಿಗೆ ಹಾಕಿ, ನಮ್ಮ ಕಣ್ಣೆದುರೇ ಕೊಯ್ದು, ಬಿಸಿ ಬಿಸಿ ಮಾಂಸವನ್ನು ಕಟ್ಟಿ ಕೊಡ್ತಿದ್ದರು. ಮಧ್ಯಾಹ್ನ ಊಟಕ್ಕೆ ಕೋರಿ ಸುಕ್ಕ. ಕೊಯ್ದದ್ದಕ್ಕೂ ಪಾತ್ರೆಗೆ ಬಿದ್ದದ್ದಕ್ಕೂ ಎರಡು ಗಂಟೆ ಅಂತರ, ಅಷ್ಟೆ. ಆ ಅಂಗಡಿ ಬಹಳ ಚೊಕ್ಕಟವಾಗಿತ್ತು ಅಂತ ನಾನು ಹೇಳ್ತಾ ಇಲ್ಲ. ಒಂದೇ ಮರದ ತುಂಡಿನ ಮೇಲೆ ನೂರು ಕೋಳಿ, ಒಂದೇ ಡ್ರಮ್ಮಿನ ನೀರು. ಆದರೆ ಬ್ಯಾಕ್ಟೀರಿಯಾಕ್ಕೆ ಸಂಸಾರ ಹೂಡಲು ಸಮಯ ಸಿಗ್ತಿರಲಿಲ್ಲ.

ಈಗ ಆ ಎರಡು ಗಂಟೆ ಎರಡು ದಿನ ಆಗಿದೆ, ಕೆಲವೊಮ್ಮೆ ಐದು ದಿನ. ಎಲ್ಲೋ ಕೊಯ್ದು, ಎಲ್ಲೋ ಪ್ಯಾಕ್ ಮಾಡಿ, ಏಪ್ರಿಲ್ ತಿಂಗಳ ಮಂಗಳೂರಿನ ಸೆಕೆಯಲ್ಲಿ ಸ್ಕೂಟರಿನ ಹಿಂದೆ ಕಟ್ಟಿಕೊಂಡು ಮನೆ ಬಾಗಿಲಿಗೆ ತರ್ತಾರೆ. ಎರಡು ತಿಂಗಳ ಹಿಂದೆ ನಾನೂ ಅಂಥ ಒಂದು ಪ್ಯಾಕೆಟ್ ತಂದೆ. ಮೇಲೆ ಹಸಿರು ಎಲೆಯ ಚಿತ್ರ, "ನ್ಯಾಚುರಲ್" ಅಂತ ದಪ್ಪ ಅಕ್ಷರ. ಅಮ್ಮ ತೆರೆದವರೇ ಮುಖ ಸಿಂಡರಿಸಿದರು. "ಎಂತ ಮಗಾ ಇದು, ಹಲ್ಲಿನ ಡಾಕ್ಟ್ರ ವಾಸನೆ ಬರ್ತದೆ. ಹಳತೋ ಹೊಸತೋ ಗೊತ್ತೇ ಆಗುದಿಲ್ಲ."

ನಾನು ಭಾಷಣ ಬಿಗಿದೆ. ಅದು ಯೂಜಿನಾಲ್ ಅಮ್ಮ, ಲವಂಗದ ಎಣ್ಣೆಯಲ್ಲಿ ಬಹುಪಾಲು ಅದೇ ಇರುವುದು, ಹಲ್ಲುನೋವಿಗೆ ಹಚ್ಚುವುದೂ ಅದನ್ನೇ, ಒಳ್ಳೆಯದೇ. ಅವಸರದಲ್ಲಿ ಅದೇ ಮಣೆಯ ಮೇಲೆ ಸೌತೆಕಾಯಿಯನ್ನೂ ಹೆಚ್ಚಿದೆ. ಮರುದಿನ ರಾತ್ರಿ ಅಪ್ಪನಿಗೆ ವಾಂತಿ ಭೇದಿ ಶುರು, ಮೂರು ದಿನ ಡ್ರಿಪ್. ಅಪ್ಪನಿಗೆ ಎಪ್ಪತ್ತೆರಡು ವರ್ಷ. ಆ ಕೋಳಿಯಿಂದಲೇ ಅಂತ ನಾನು ಪ್ರಮಾಣ ಮಾಡಲಾರೆ, ಪರೀಕ್ಷೆ ಯಾರೂ ಮಾಡಿಸಲಿಲ್ಲ. ಮಣೆ ತೊಳೆಯದ್ದು ನನ್ನ ತಪ್ಪೇ. ಆದರೆ "ನ್ಯಾಚುರಲ್" ಅನ್ನುವ ಪದ ಓದಿ ನಾನು ಜಾಗ್ರತೆ ಬಿಟ್ಟದ್ದೂ ಹೌದು, ಅಮ್ಮನ ಮೂಗಿನ ಮಾತು ಕೇಳದೆ ಇದ್ದದ್ದೂ ಹೌದು.

ಆಮೇಲೆ ಕೂತು ಓದಿದೆ. ಎಣ್ಣೆ ಸುಳ್ಳಲ್ಲ. ಲವಂಗದ ಯೂಜಿನಾಲ್, ಓಮದ ಥೈಮಾಲ್, ಓರೆಗಾನೊ ಸೊಪ್ಪಿನ ಕಾರ್ವಾಕ್ರಾಲ್ ಎಲ್ಲವೂ ಬ್ಯಾಕ್ಟೀರಿಯಾದ ಪೊರೆಯನ್ನು ತೂತು ಮಾಡ್ತವೆ. ಗ್ರೀಸಿನ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಉಂಟು. ಕೋಳಿಯ ಎದೆಮಾಂಸಕ್ಕೆ ಶೇಕಡಾ 0.1ರಷ್ಟು ಓರೆಗಾನೊ ಎಣ್ಣೆ ಹಾಕಿದರೆ ಬಾಳಿಕೆ 3-4 ದಿನ ಹೆಚ್ಚಾಯ್ತು. ಗಾಳಿ ಬದಲಿಸಿದ ಪ್ಯಾಕೆಟ್ ಮಾತ್ರ ಆದರೆ 2-3 ದಿನ. ಎರಡೂ ಸೇರಿದರೆ 5-6 ದಿನ. ಶೇಕಡಾ 1ರಷ್ಟು ಹಾಕಿದಾಗ ರುಚಿ ಎಷ್ಟು ಘಾಟಾಯ್ತೆಂದರೆ ಅದಕ್ಕೆ ರುಚಿಯ ಅಂಕವನ್ನೇ ಕೊಡಲಿಲ್ಲ. ಇದಿಷ್ಟೂ ಆದದ್ದು 4 ಡಿಗ್ರಿ ತಂಪಿನಲ್ಲಿ! ಸ್ಕೂಟರಿನ ಹಿಂದೆ ಅಲ್ಲ. ಗೆಳೆಯರ ಬರಹದಲ್ಲಿ ಆ 4 ಡಿಗ್ರಿಯ ಸುದ್ದಿಯೇ ಇಲ್ಲ.

ಇನ್ನೂ ಉಂಟು. ಪ್ರಯೋಗಾಲಯದ ಗಾಜಿನ ಕೊಳವೆಯಲ್ಲಿ ಒಂದು ಹನಿ ಮಾಡುವ ಕೆಲಸಕ್ಕೆ ಮಾಂಸದಲ್ಲಿ ಹತ್ತಾರು ಪಾಲು ಬೇಕಾಗಬಹುದು, ಯಾಕೆಂದರೆ ಕೊಬ್ಬು ಎಣ್ಣೆಯನ್ನು ತಾನೇ ಹೀರಿಕೊಳ್ತದೆ. ಸಾಲ್ಮೊನೆಲ್ಲಾದಂಥವಕ್ಕೆ ಹೊರಗೆ ಇನ್ನೊಂದು ಪೊರೆ ಇರುವುದರಿಂದ ಅವು ಸುಲಭಕ್ಕೆ ಸಾಯುವುದಿಲ್ಲ. ಪ್ಯಾಕೆಟ್ಟಿಗೆ ತುಂಬುವ ಇಂಗಾಲದ ಡೈಆಕ್ಸೈಡ್ ಕೂಡ ತಂಪಿನಲ್ಲೇ ಮಾಂಸಕ್ಕೆ ಚೆನ್ನಾಗಿ ಇಳಿಯುವುದು.

ನನಗೆ ನಿಜಕ್ಕೂ ಹೆದರಿಕೆ ಹುಟ್ಟಿಸಿದ್ದು ಬೇರೆ. ನಾತ ಹೊಡೆಸುವ ಬ್ಯಾಕ್ಟೀರಿಯಾ ಬೇರೆ, ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಬೇರೆ. ತೆರೆದಿಟ್ಟ ಕೋಳಿಯನ್ನು ಹಳಸಿಸುವುದು ಮುಖ್ಯವಾಗಿ ಸ್ಯೂಡೋಮೊನಾಸ್. ಅದಕ್ಕೆ ಆಮ್ಲಜನಕ ಬೇಕು, ಗಾಳಿ ಬದಲಿಸಿದ ಕೂಡಲೆ ಅದು ತೆಪ್ಪಗಾಗ್ತದೆ. ಕ್ಯಾಂಪಿಲೋಬ್ಯಾಕ್ಟರಿಗೆ ಕಡಿಮೆ ಆಮ್ಲಜನಕವೇ ಇಷ್ಟ. ಫ್ರಿಜ್ಜಿನಲ್ಲಿ ಅದು ಬೆಳೆಯುವುದಿಲ್ಲ, ಆದರೆ ಸಾಯದೆ ಸುಮ್ಮನೆ ಕೂತಿರ್ತದೆ, ವಾಸನೆ ಗೀಸನೆ ಏನೂ ಇಲ್ಲ. ಅಂದರೆ ಕೂಗುವ ನಾಯಿಯ ಬಾಯಿ ಕಟ್ಟಿದ ಹಾಗಾಯ್ತು, ಕಳ್ಳ ಒಳಗೇ ಇದ್ದಾನೆ. ಮೂಗು ನೂರಕ್ಕೆ ನೂರು ನಂಬುವಂಥದ್ದಲ್ಲ, ಒಪ್ಪಿದೆ. ಆದರೆ ಮಾಂಸ ಎಷ್ಟು ಹಳತು ಅಂತ ತಿಳಿಯಲು ಕೊಳ್ಳುವವರ ಕೈಯಲ್ಲಿದ್ದ ಸಾಧನ ಅದೊಂದೇ. ಅದರ ಮೇಲೆ ಲವಂಗ ಸುರಿದರೆ ಲಾಭ ಯಾರಿಗೆ?

2018ರಲ್ಲಿ ಕೇರಳದಲ್ಲಿ ಫಾರ್ಮಲಿನ್ ಹಾಕಿದ ಮೀನು ಸಿಕ್ಕಿದಾಗ ಕರಾವಳಿಯಲ್ಲೆಲ್ಲ ಗಾಬರಿಯಾಗಿತ್ತು. ಲವಂಗ ಫಾರ್ಮಲಿನ್ನಿನ ಹಾಗೆ ವಿಷ ಅಲ್ಲ, ಎರಡನ್ನೂ ಒಂದೇ ತಕ್ಕಡಿಗೆ ಹಾಕುವವನು ನಾನಲ್ಲ. ಆದರೆ ಹಳೆಯದನ್ನು ಹೊಸತು ಅಂತ ತೋರಿಸುವ ಕೆಲಸಕ್ಕೆ ಬಳಸಿದರೆ ಅದೂ ಮೋಸವೇ. ಅದೇ ವರ್ಷ ನಮ್ಮ ಕುದ್ರೋಳಿ ಕಸಾಯಿಖಾನೆಯನ್ನು ಸ್ಮಾರ್ಟ್ ಸಿಟಿಯ 15 ಕೋಟಿ ರೂಪಾಯಿಯಲ್ಲಿ ಸುಧಾರಿಸುವ ಪ್ರಸ್ತಾಪ ಬಂತು. ಎಷ್ಟು ಗಲಾಟೆ! ಆ ಪಕ್ಷ, ಈ ಪಕ್ಷ, ಧರ್ಮ, ಎಲ್ಲವೂ ಬಂತು. ಚರಂಡಿ, ಬಿಸಿನೀರು, ತಂಪುಕೋಣೆ ಅಂತ ಮಾತಾಡಿದವರು ನನ್ನ ಕಿವಿಗಂತೂ ಬೀಳಲಿಲ್ಲ. ಚೊಕ್ಕಟಕ್ಕೆ ದುಡ್ಡು ಹಾಕುವುದೆಂದರೆ ಜಗಳ, ಎಣ್ಣೆ ಬಾಟ್ಲಿಗಾದರೆ ಚಪ್ಪಾಳೆ.

ನಾನು ಎಣ್ಣೆಯ ವಿರೋಧಿ ಅಂತ ದಯವಿಟ್ಟು ತಿಳಿಯಬೇಡಿ. ಸೀಗಡಿ ಸಿಪ್ಪೆಯಿಂದ ತೆಗೆಯುವ ಕೈಟೋಸಾನಿನ ತೆಳು ಹಾಳೆಗೆ ಈ ಎಣ್ಣೆಗಳನ್ನು ಸೇರಿಸಿ ಮಾಂಸಕ್ಕೆ ಸುತ್ತುವ ಪ್ರಯೋಗಗಳು ನಡೆದಿವೆ. ಸೀಗಡಿ ಸಿಪ್ಪೆಗೆ ನಮ್ಮ ಬಂದರಿನಲ್ಲಿ ಬರ ಉಂಟಾ? ಆಹಾರ ಸಂಶೋಧನೆಗೆ 1950ರಿಂದ ಮೈಸೂರಿನಲ್ಲಿ ಸಿಎಫ್‌ಟಿಆರ್‌ಐ ಕೂಡ ಉಂಟು. ಮಾಡಲಿ, ಚೆನ್ನಾಗಿ ಮಾಡಲಿ. ಆದರೆ ಕೊಯ್ದ ತಾರೀಕು, ಯಾವ ಎಣ್ಣೆ, ಎಷ್ಟು ಹಾಕಿದ್ದು, ಎಷ್ಟು ಡಿಗ್ರಿಯಲ್ಲಿ ಇಡಬೇಕು, ಇಷ್ಟನ್ನು ಎಲೆಯ ಚಿತ್ರದಷ್ಟೇ ದೊಡ್ಡದಾಗಿ, ಕನ್ನಡದಲ್ಲಿ ಬರೆಯಲಿ. ನಾನು ತಂದ ಪ್ಯಾಕೆಟ್ಟಿನಲ್ಲಿ ಕೊಯ್ದ ತಾರೀಕು ಇರಲಿಲ್ಲ, ಪ್ಯಾಕ್ ಮಾಡಿದ ತಾರೀಕು ಮಾತ್ರ ಇತ್ತು. ನಡುವೆ ಎಷ್ಟು ದಿನ ಅಂತ ಅಂಗಡಿಯವರನ್ನು ಕೇಳಿದರೆ "ಫ್ರೆಶ್ಶೇ ಸಾರ್" ಅಂದರು.

ಗೆಳೆಯರು ಉತ್ತರ ಬರೆಯಲಿ, ಅದರಲ್ಲಿ ಆ 4 ಡಿಗ್ರಿಯ ಮಾತೂ ಇರಲಿ. ನಾಳೆ ಭಾನುವಾರ, ಅಪ್ಪನಿಗೆ ಕೋರಿ ರೊಟ್ಟಿ ಬೇಕಂತೆ. ಬೆಳಿಗ್ಗೆ ಕಾಕನ ಅಂಗಡಿಗೆ ಹೋಗ್ಲಿಕ್ಕುಂಟು. ಹೊಸ ಮಣೆಯನ್ನೂ ತರ್ಲಿಕ್ಕುಂಟು, ಕೋಳಿಗೇ ಅಂತ ಬೇರೆ :-)